ಸರಕಿನ ಛಾಯಾಚಿತ್ರ ಮತ್ತು ಸ್ಪಷ್ಟತೆಯ ಆಳ

ವಿಮಾ ಪರಿಹಾರಕ್ಕಾಗಲಿ, ಬ್ಯಾಂಕಿನ ದಾಸ್ತಾನು ಪರಿಶೀಲನೆಗಾಗಲಿ, ಪರಊರಿನ ಗಿರಾಕಿಗೆ ಮಾಲು ತೋರಿಸುವುದಕ್ಕಾಗಲಿ ಛಾಯಾಚಿತ್ರವು ಇಂದು ಲೆಕ್ಕಪುಸ್ತಕದಷ್ಟೇ ಅವಶ್ಯಕವಾದ ದಾಖಲೆಯಾಗಿದೆ. ಶಲವಡಿಯ ಕಡಲೆ ವ್ಯಾಪಾರಿಯೊಬ್ಬರು ಮಳೆಯಲ್ಲಿ ನೆನೆದ ಚೀಲಗಳ ಚಿತ್ರಗಳನ್ನು ಒಮ್ಮೆ ನನ್ನಲ್ಲಿಗೆ ತಂದಿದ್ದರು. ಮುಂದಿನ ಸಾಲಿನ ಗುರುತುಗಳು ಸ್ಪಷ್ಟವಾಗಿದ್ದವು. ಹಿಂದಿನ ಸಾಲುಗಳೆಲ್ಲ ಮಸುಕು. ಅಷ್ಟರಲ್ಲಿ ಮಾಲು ವಿಲೇವಾರಿಯಾಗಿತ್ತು. ಹಿಂದಿನ ಸಾಲುಗಳ ನಷ್ಟಕ್ಕೆ ಆ ಚಿತ್ರಗಳು ಸಾಕ್ಷಿಯಾಗಲಿಲ್ಲ.

ಕ್ಯಾಮೆರಾವನ್ನು ಒಂದು ದೂರಕ್ಕೆ ಫೋಕಸ್ ಮಾಡಿದಾಗ ಅದರ ಮುಂದೆ ಹಾಗೂ ಹಿಂದೆ ಎಷ್ಟು ಅಂತರದವರೆಗೆ ವಸ್ತುಗಳು ಸ್ಪಷ್ಟವಾಗಿ ಕಾಣುವವೋ ಅದಕ್ಕೆ ಡೆಪ್ತ್ ಆಫ್ ಫೀಲ್ಡ್, ಅಂದರೆ ಸ್ಪಷ್ಟತೆಯ ಆಳ ಎನ್ನುತ್ತಾರೆ. ಅಪರ್ಚರ್ ರಂಧ್ರ ಕಿರಿದಾದಂತೆ, ವಸ್ತುವಿನಿಂದ ದೂರ ಸರಿದಂತೆ, ಲೆನ್ಸಿನ ಫೋಕಲ್ ಲೆಂಗ್ತ್ ಕಡಿಮೆಯಾದಂತೆ ಈ ಆಳ ಹೆಚ್ಚುತ್ತದೆ.

ಉದಾಹರಣೆಗೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಬಳಸಿ 2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಎಫ್ 2.8ರಲ್ಲಿ ಸ್ಪಷ್ಟತೆಯ ಆಳ ಸುಮಾರು 26 ಸೆಂ.ಮೀ. ಮಾತ್ರ, ಎಫ್ 11ರಲ್ಲಿ ಸುಮಾರು 110 ಸೆಂ.ಮೀ. ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು ಎಂಬುದನ್ನು ಮರೆಯಬಾರದು.

ಆದರೆ ಜಮಾ ಇದ್ದಲ್ಲಿ ಖರ್ಚೂ ಇರುತ್ತದೆ. ಎಫ್ 2.8ರಿಂದ ಎಫ್ 11ಕ್ಕೆ ಹೋದಾಗ ಒಳಬರುವ ಬೆಳಕು 16ನೇ ಒಂದು ಭಾಗಕ್ಕೆ ಇಳಿಯುತ್ತದೆ. 1/250 ಸೆಕೆಂಡಿನ ಶಟರ್ ವೇಗವನ್ನು ಸುಮಾರು 1/15ಕ್ಕೆ ಇಳಿಸಬೇಕಾಗುತ್ತದೆ. ಕತ್ತಲೆಯ ಗೋದಾಮಿನಲ್ಲಿ ಕೈ ಅಲುಗಿದರೆ ಇಡೀ ಚಿತ್ರವೇ ಕೆಡುವುದು. ಆದ್ದರಿಂದ ಟ್ರೈಪಾಡ್ ಅವಶ್ಯ. ಎಫ್ 16ನ್ನು ಮೀರಿದರೆ ಬೆಳಕಿನ ವಿವರ್ತನೆಯಿಂದ ಒಟ್ಟು ಸ್ಪಷ್ಟತೆಯೇ ಕುಗ್ಗತೊಡಗುತ್ತದೆ.

ಮೊಬೈಲ್ ಬಳಸುವವರು ಗಮನಿಸಬೇಕಾದ ಅಂಶಗಳು:

1. ಮೊಬೈಲಿನ ಸೆನ್ಸರ್ ಚಿಕ್ಕದಾದ್ದರಿಂದ ಸ್ಪಷ್ಟತೆಯ ಆಳ ಸಹಜವಾಗಿಯೇ ಹೆಚ್ಚು. ಆದರೆ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಕೃತಕವಾಗಿ ಮಸುಕುಗೊಳಿಸುತ್ತದೆ. ದಾಸ್ತಾನಿನ ಚಿತ್ರಕ್ಕೆ ಅದನ್ನು ಬಳಸಬಾರದು.

2. ಎರಡು ಹೆಜ್ಜೆ ಹಿಂದೆ ಸರಿದು ತೆಗೆಯಬೇಕು.

3. ಮೊದಲ ಸಾಲಿಗೆ ಫೋಕಸ್ ಮಾಡದೆ, ರಾಶಿಯ ಸುಮಾರು ಮೂರನೇ ಒಂದು ಭಾಗದಷ್ಟು ಒಳಗಿರುವ ಸಾಲಿಗೆ ಮಾಡಬೇಕು.

4. ಪ್ರತಿ ಸಾಲಿನ ಗುರುತನ್ನು ಪ್ರತ್ಯೇಕವಾಗಿಯೂ ತೆಗೆದಿಡಬೇಕು.

ಆಳ ಕಡಿಮೆಯಿರುವುದು ಯಾವಾಗಲೂ ದೋಷವಲ್ಲ. ನವಲಗುಂದದ ಜಮಖಾನೆಯ ನೇಯ್ಗೆಯನ್ನು ಗಿರಾಕಿಗೆ ತೋರಿಸುವಾಗ ಹಿನ್ನೆಲೆ ಮಸುಕಾಗಿದ್ದರೆ ಕಣ್ಣು ನೂಲಿನ ಮೇಲೆಯೇ ನಿಲ್ಲುತ್ತದೆ. ಅದೇ ಜಮಖಾನೆಯ ಪೂರ್ಣ ವಿನ್ಯಾಸ ತೋರಿಸಬೇಕಾದರೆ ಆಚೆಯ ಅಂಚೂ ಸ್ಪಷ್ಟವಾಗಿರಬೇಕು. ಚಿತ್ರ ಮಾರಾಟಕ್ಕೋ, ಸಾಕ್ಷ್ಯಕ್ಕೋ ಎಂಬುದನ್ನು ಮೊದಲು ನಿರ್ಧರಿಸಿ, ತೆಗೆದ ಚಿತ್ರವನ್ನು ಅಲ್ಲಿಯೇ ಹಿಗ್ಗಿಸಿ ಕೊನೆಯ ಸಾಲಿನವರೆಗೆ ಪರಿಶೀಲಿಸಬೇಕು. ಮಾಲು ಸಾಗಿಸಿದ ಮೇಲೆ ಅದಕ್ಕೆ ಅವಕಾಶವಿರುವುದಿಲ್ಲ.