ಗಣಕ ನಿಯಂತ್ರಿತ ತಿಜೋರಿ: ಬಂದ ಸಾಮಾನನ್ನು ಬಿಚ್ಚಿ ನೋಡುವ ಕ್ರಮ

ಕಾಲೇಜಿನ ವಸ್ತುಪ್ರದರ್ಶನಕ್ಕೆ ವಿಜ್ಞಾನ ವಿಭಾಗದ ಗೆಳೆಯರು ಗಣಕ ನಿಯಂತ್ರಿತ ತಿಜೋರಿಯೊಂದನ್ನು ಮಾಡುತ್ತಿದ್ದಾರೆ. ಹನ್ನೊಂದು ಮಂದಿ ಸೇರಿ ಹಣ ಹಾಕಿದ್ದಾರೆ. ಲೆಕ್ಕ ಇಡುವ ಕೆಲಸ ವಾಣಿಜ್ಯ ವಿಭಾಗದ ನನ್ನದು. (ತಿಜೋರಿ ನಮ್ಮ ಮನೆಯ ಉರ್ದುವಿನಲ್ಲೂ ತಿಜೋರಿಯೇ. ಜಮಾ, ಬಾಕಿ ಕೂಡ ಹಾಗೆಯೇ. ಲೆಕ್ಕಶಾಸ್ತ್ರದಲ್ಲಿ ನನಗೆ ಸಿಕ್ಕ ಒಂದೇ ರಿಯಾಯಿತಿ ಇದು.) ಹತ್ತಾರು ಜನರ ಹಣದಲ್ಲಿ ಬಂದ ಪಾರ್ಸೆಲ್ ಅನ್ನು ಹೇಗೆ ಪರೀಕ್ಷಿಸಿ ಸ್ವೀಕರಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಯಂತ್ರದ ಪರಿಚಯ. ಆರ್ಡುಯಿನೊ ಯುನೊ ಎಂಬ ಬೋರ್ಡ್ ಇದರ ಮಿದುಳು. ಅದರ ಮೇಲಿರುವ ಎಟಿಮೆಗಾ328ಪಿ ಚಿಪ್ ಒಂದು ಪುಟ್ಟ ಗಣಕವೇ. ಹದಿನಾರು ಗುಂಡಿಗಳ ಕೀಪ್ಯಾಡ್‌ನಲ್ಲಿ ಗುಪ್ತ ಸಂಖ್ಯೆ ಒತ್ತಬೇಕು. ಎರಡು ಸಾಲಿನ ಎಲ್‌ಸಿಡಿ ಪರದೆಯಲ್ಲಿ ಉತ್ತರ ಕಾಣುತ್ತದೆ. ಸಂಖ್ಯೆ ಸರಿಯಿದ್ದರೆ ಬೋರ್ಡ್ ರಿಲೇಗೆ ಸೂಚನೆ ಕೊಡುತ್ತದೆ, ರಿಲೇ 12 ವೋಲ್ಟ್‌ನ ಸೊಲೆನಾಯ್ಡ್ ಬೀಗಕ್ಕೆ ವಿದ್ಯುತ್ ಬಿಡುತ್ತದೆ, ಚಿಲಕ ಒಳಕ್ಕೆ ಸರಿಯುತ್ತದೆ. ಬೋರ್ಡಿನಿಂದ ನೇರವಾಗಿ ಬೀಗಕ್ಕೆ ತಂತಿ ಎಳೆದರೆ ಆಗುವುದಿಲ್ಲವೇ? ಆಗುವುದಿಲ್ಲ. ಬೋರ್ಡಿನ ಒಂದು ಪಿನ್‌ನಿಂದ ಸುಮಾರು 20 ಮಿಲಿಆಂಪಿಯರ್ ತೆಗೆಯಬಹುದು, ಬೀಗಕ್ಕೆ ಅದರ ಎಷ್ಟೋ ಪಟ್ಟು ಬೇಕು.

ಪೆಟ್ಟಿಗೆ ಬಿಚ್ಚುವ ಮೊದಲು ಅದರ ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಬಿಚ್ಚುವಾಗ ಒಬ್ಬರು ವಿಡಿಯೊ ಮಾಡುತ್ತಿರಲಿ. ಬ್ಲೇಡನ್ನು ಆಳಕ್ಕೆ ಇಳಿಸಬೇಡಿ, ಟೇಪ್ ಮಾತ್ರ ಕತ್ತರಿಸಬೇಕು. ಬೋರ್ಡ್ ಮುಟ್ಟುವ ಮುನ್ನ ಕಿಟಕಿಯ ಕಬ್ಬಿಣದ ಸರಳನ್ನೋ ನಲ್ಲಿಯನ್ನೋ ಮುಟ್ಟಿದರೆ ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿದುಹೋಗುತ್ತದೆ. ಬೋರ್ಡ್ ಬರುವ ಹೊಳಪಿನ ಚೀಲದ ಮೇಲೆಯೇ ಅದನ್ನಿಟ್ಟು ವಿದ್ಯುತ್ ಕೊಡಬೇಡಿ. ಕೆಲವು ಚೀಲಗಳ ಮೈ ವಿದ್ಯುತ್ ಹರಿಯಲು ಬಿಡುತ್ತದೆ. ಒಣ ಮರದ ಮೇಜು ಸಾಕು.

ಮುಂದಿನದು ತಾಳೆ. ನಾವು ಕೇಳಿದ್ದು, ಬಿಲ್ಲಿನಲ್ಲಿ ಬರೆದದ್ದು, ಪೆಟ್ಟಿಗೆಯಲ್ಲಿ ಇದ್ದದ್ದು, ಮೂರನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು. ಎಣಿಕೆ ಮಾತ್ರ ಸರಿಬಂದರೆ ಸಾಲದು, ವಸ್ತುವಿನ ಮೈಮೇಲೆ ಅಚ್ಚಾದ ಅಕ್ಷರಗಳನ್ನೂ ಓದಬೇಕು. ನಮಗೆ ಇದರಿಂದಲೇ ಲಾಭವಾಯಿತು. ನಾವು ಕೇಳಿದ್ದು 5 ವೋಲ್ಟ್ ರಿಲೇ, ಬಿಲ್ಲಿನಲ್ಲೂ 5 ವೋಲ್ಟ್ ಎಂದೇ ಇತ್ತು. ಆದರೆ ನೀಲಿ ಡಬ್ಬಿಯ ಮೇಲೆ 05ವಿಡಿಸಿ ಎಂದಿರಬೇಕಾದ ಕಡೆ 12ವಿಡಿಸಿ ಎಂದಿತ್ತು. ಎರಡೂ ನೋಡಲು ಅವಳಿಗಳಂತೆ. ಇದನ್ನು ಹಾಗೆಯೇ ಜೋಡಿಸಿದ್ದರೆ ಮಾಡ್ಯೂಲಿನ ಸಣ್ಣ ದೀಪ ಹೊತ್ತಿದರೂ ರಿಲೇ ಟಿಕ್ ಎನ್ನುತ್ತಿರಲಿಲ್ಲ, ಗೆಳೆಯರು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಕಾಗುತ್ತಿತ್ತು.

ಇಲ್ಲಿ ನಮ್ಮ ಪಾಠ ನೆರವಿಗೆ ಬರುತ್ತದೆ. ಸರಕು ಮಾರಾಟ ಕಾಯಿದೆ, 1930ರ 41ನೇ ಕಲಮಿನ ಪ್ರಕಾರ, ಮೊದಲೇ ನೋಡಿರದ ಸರಕನ್ನು ಪರೀಕ್ಷಿಸಲು ತಕ್ಕಷ್ಟು ಅವಕಾಶ ಸಿಗುವವರೆಗೆ ಕೊಂಡವನು ಅದನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಆದರೆ 42ನೇ ಕಲಮು ಎಚ್ಚರಿಸುತ್ತದೆ: ಬೇಡ ಎಂದು ತಿಳಿಸದೆ ಬಹಳ ದಿನ ಇಟ್ಟುಕೊಂಡರೆ, ಅಥವಾ ಸರಕು ಇನ್ನು ಸ್ವಂತದ್ದೇ ಎಂಬಂತೆ ನಡೆದುಕೊಂಡರೆ, ಒಪ್ಪಿಕೊಂಡಂತೆಯೇ. ನನ್ನ ತಿಳಿವಳಿಕೆಯಲ್ಲಿ ಪಿನ್‌ಗೆ ಬೆಸುಗೆ ಹಾಕುವುದು ಎಂದರೆ ಅದೇ. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಬೆಸುಗೆ ಬೇಡ ಎಂದು ಹಟ ಹಿಡಿದೆ. ಫೋಟೊ ಕಳಿಸಿದ ಮೇಲೆ ಅಂಗಡಿಯವರು ಹೆಚ್ಚು ಮಾತಿಲ್ಲದೆ ಬದಲಿ ರಿಲೇ ಕಳಿಸಿದರು.

ಈಗ ಮಲ್ಟಿಮೀಟರ್. ಒಂದೊಂದು ಭಾಗವನ್ನೂ ಒಂಟಿಯಾಗಿಯೇ ನೋಡಬೇಕು. ಎಲ್ಲ ಜೋಡಿಸಿದ ಮೇಲೆ ಕೆಟ್ಟದ್ದು ಯಾವುದು, ಅದು ಬಂದಾಗಲೇ ಕೆಟ್ಟಿತ್ತೇ ನಾವು ಕೆಡಿಸಿದೆವೇ ಎಂದು ಹೇಳುವವರು ಯಾರು? ಅಡಾಪ್ಟರಿನಲ್ಲಿ 12 ವೋಲ್ಟ್ ಬರುತ್ತಿದೆಯೇ, ಪ್ಲಸ್ ಮಧ್ಯದಲ್ಲಿದೆಯೇ ಎಂದು ನೋಡಿ. ಬೋರ್ಡನ್ನು ಯುಎಸ್‌ಬಿಗೆ ಮಾತ್ರ ಸೇರಿಸಿ, 13ನೇ ಪಿನ್ನಿನ ದೀಪ ಮಿನುಗಿಸುವ ಪ್ರೋಗ್ರಾಮ್ ಹಾಕಿದರೆ ಅದರ ಆರೋಗ್ಯ ತಿಳಿಯುತ್ತದೆ.

ಕೀಪ್ಯಾಡ್ ನನಗೆ ಬಹಳ ಹಿಡಿಸಿತು. ಗುಂಡಿ ಹದಿನಾರು, ತಂತಿ ಎಂಟೇ. ನಾಲ್ಕು ಅಡ್ಡ ಸಾಲಿಗೆ, ನಾಲ್ಕು ಕಂಬ ಸಾಲಿಗೆ. ನಮ್ಮ ಖಾತೆಪುಸ್ತಕದ ಕೋಷ್ಟಕದ ಹಾಗೆ ಒಂದು ಅಡ್ಡ ಸಾಲು, ಒಂದು ಕಂಬ ಸಾಲು ಕೂಡುವ ಮನೆಯೇ ಒಂದು ಗುಂಡಿ. ಮೀಟರಿನ ಎರಡು ಕಡ್ಡಿಗಳನ್ನು ಆ ಎರಡು ತಂತಿಗೆ ಹಿಡಿದು ಗುಂಡಿ ಒತ್ತಿದರೆ ಸಂಪರ್ಕ ತೋರಿಸಬೇಕು, ಬಿಟ್ಟರೆ ಹೋಗಬೇಕು. ತೆಳು ಹಾಳೆಯಂಥ ಕೀಪ್ಯಾಡ್‌ಗಳಲ್ಲಿ ಸ್ವಲ್ಪ ರೋಧ ಇರುವುದರಿಂದ ಮೀಟರ್ ಬೀಪ್ ಮಾಡದೆಯೂ ಇರಬಹುದು. ಓಮ್ ಅಳತೆಗೆ ತಿರುಗಿಸಿ ನೋಡಿ.

ಎಲ್‌ಸಿಡಿ ಪರದೆ ಖಾಲಿ ಕಂಡರೆ ಕೆಟ್ಟಿದೆ ಎಂದು ಕೂಡಲೇ ಹಿಂದಿರುಗಿಸಬೇಡಿ. ಕಾಂಟ್ರಾಸ್ಟ್ ತಿರುಪನ್ನು ನಿಧಾನವಾಗಿ ತಿರುಗಿಸಿ. ಮೇಲಿನ ಸಾಲಿನಲ್ಲಿ ಕಪ್ಪು ಚೌಕಗಳು ಮೂಡಿದರೆ ವಿದ್ಯುತ್ ತಲುಪಿದೆ, ಬೋರ್ಡಿನ ಮಾತು ಇನ್ನೂ ತಲುಪಿಲ್ಲ ಎಂದರ್ಥ. ಒಳ್ಳೆಯ ಸರಕನ್ನು ಕೆಟ್ಟದ್ದೆಂದು ವಾಪಸು ಕಳಿಸುವುದೂ ನಷ್ಟವೇ, ನಮಗೂ ಅಂಗಡಿಗೂ.

ಬೀಗಕ್ಕೆ ಒಂದೆರಡು ಕ್ಷಣ ಮಾತ್ರ 12 ವೋಲ್ಟ್ ಕೊಡಿ. ಹೆಚ್ಚು ಹೊತ್ತು ಬಿಟ್ಟರೆ ಸುರುಳಿ ಕಾಯುತ್ತದೆ. ವಿದ್ಯುತ್ ನಿಲ್ಲಿಸಿದಾಗ ಸುರುಳಿ ಹಿಮ್ಮುಖವಾಗಿ ಒಂದು ಹೊಡೆತ ಕೊಡುತ್ತದೆ. ಅದನ್ನು ಹೀರಲು ಬೀಗಕ್ಕೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕುತ್ತಾರೆ. ಡಯೋಡನ್ನು ಮೀಟರಿನಲ್ಲಿ ಎರಡೂ ದಿಕ್ಕಿನಲ್ಲಿ ಅಳೆಯಿರಿ. ಒಂದು ಕಡೆ ಸುಮಾರು 0.6 ಬರಬೇಕು, ಇನ್ನೊಂದು ಕಡೆ ಏನೂ ಬರಬಾರದು.

ಜೋಡಿಸುವಾಗಿನ ಒಂದು ಮಾತು. ಬೋರ್ಡ್, ರಿಲೇ, ಬೀಗದ ತಂತಿ ಎಲ್ಲವೂ ಬಾಗಿಲಿನ ಒಳಗೆ ಇರಬೇಕು, ಹೊರಗೆ ಕೀಪ್ಯಾಡ್ ಮತ್ತು ಪರದೆ ಮಾತ್ರ. ಬೀಗದ ಎರಡು ತಂತಿ ಹೊರಗೆ ಸಿಕ್ಕರೆ ಗುಪ್ತ ಸಂಖ್ಯೆಯೇ ಬೇಡ, 12 ವೋಲ್ಟ್ ಬ್ಯಾಟರಿ ಸಾಕು. ಇನ್ನು, ಈ ಬಗೆಯ ಬೀಗ ಕರೆಂಟ್ ಹೋದಾಗ ಮುಚ್ಚಿಯೇ ಇರುತ್ತದೆ. ಕಳ್ಳನಿಗೆ ಅದು ಒಳ್ಳೆಯ ತಡೆ, ನಮಗೂ ತಡೆಯೇ. ಅದಕ್ಕೆ ಕೈಕೀಲಿಯ ದಾರಿಯೊಂದು ಇರಲೇಬೇಕು. ಮೊದಲ ಹತ್ತು ಬಾರಿ ಬಾಗಿಲನ್ನು ತೆರೆದಿಟ್ಟುಕೊಂಡೇ ಚಿಲಕ ಹಾಕಿ ತೆಗೆದು ನೋಡಿ, ನಡುವೆ ಒಮ್ಮೆ ಪ್ಲಗ್ ಕಿತ್ತು ಮತ್ತೆ ಹಾಕಿ. ಸಂಖ್ಯೆ ನೆನಪಿನಲ್ಲಿ ಉಳಿದಿದೆ, ಕೀಲಿಯೂ ತಿರುಗುತ್ತದೆ ಎಂದು ಖಾತ್ರಿಯಾದ ಮೇಲೆ ಬಾಗಿಲು ಮುಚ್ಚಿ.