ಹುಲಿಯ ಚಿತ್ರ ಹಂಚಿ, ಹುಲಿಯ ವಿಳಾಸ ಬೇಡ

2019ರ ನವೆಂಬರಿನಲ್ಲಿ ನಾಗಪುರದ ಮಿಹಾನ್ ಪ್ರದೇಶದಲ್ಲಿ, ಇನ್ಫೋಸಿಸ್ ಆವರಣದ ಆಸುಪಾಸಿನಲ್ಲೇ ಹುಲಿ ಓಡಾಡಿತ್ತು. ಅರಣ್ಯ ಇಲಾಖೆ ಹೆಜ್ಜೆಗುರುತು ಹುಡುಕಿ ಕ್ಯಾಮೆರಾ ಟ್ರ್ಯಾಪ್ ಇಟ್ಟಿತು. ಮಿಹಾನ್ ಇರುವುದು ವಿಮಾನ, ಸರಕು ಮತ್ತು ಐಟಿ ಕಚೇರಿಗಳಿಗಾಗಿ. ಅಲ್ಲಿ ತಾಡೋಬ ಹುಲಿ ಸಂರಕ್ಷಿತ ಪ್ರದೇಶದಂತೆ ಸಫಾರಿ ಗೇಟಿಲ್ಲ, ಜೀಪುಗಳಿಗೆ ಮಿತಿಯಿಲ್ಲ, ಗೈಡ್ ಇಲ್ಲ. ಇಂಥ ಕಡೆ ಛಾಯಾಗ್ರಾಹಕನ ಒಂದು ಪೋಸ್ಟ್ ಸಾಕು, ಸಂಜೆಯೊಳಗೆ ಬೈಕುಗಳ ಸಾಲು ಬಂದು ನಿಲ್ಲುತ್ತದೆ. ಜನ ಸುತ್ತುವರಿದ ಹುಲಿಗೆ ಉಳಿಯುವ ದಾರಿ ಎರಡೇ: ಹೆದ್ದಾರಿಯತ್ತ ಓಡುವುದು, ಇಲ್ಲವೇ ಜನರ ಮೇಲೆ ತಿರುಗುವುದು. ಆದ್ದರಿಂದ ಕಾಡಿನಾಚೆ ಪ್ರಾಣಿ ಕಂಡಾಗ ಚಿತ್ರ ತೆಗೆಯಿರಿ, ಆದರೆ ಜಾಗವನ್ನು ಗುಟ್ಟಾಗಿಡಿ. ಅದು ಅಲ್ಲಿಂದ ಸರಿದುಹೋಗುವವರೆಗೆ ಚಿತ್ರವನ್ನೂ ತಡೆಹಿಡಿಯಿರಿ.

ಸುತ್ತಲಿನವರನ್ನು ಎಚ್ಚರಿಸಬೇಡವೇ ಎಂದು ನೀವು ಕೇಳಬಹುದು. ಖಂಡಿತ ಎಚ್ಚರಿಸಬೇಕು, ದನ ಮೇಯಿಸುವವರ ಜೀವ ನಮ್ಮ ಫ್ರೇಮಿಗಿಂತ ದೊಡ್ಡದು. ಆದರೆ ಆ ಸುದ್ದಿ ಮೊದಲು ಹೋಗಬೇಕಾದದ್ದು ಅರಣ್ಯ ಇಲಾಖೆಗೆ. ಮಹಾರಾಷ್ಟ್ರದಲ್ಲಿ ಅದರ ಸಹಾಯವಾಣಿ 1926. ಪ್ರಸಿದ್ಧಿಯೇ ಹುಲಿಗೆ ರಕ್ಷೆ ಎನ್ನುವವರೂ ಇದ್ದಾರೆ. ನಾಗಪುರಕ್ಕೆ ಹತ್ತಿರದ ಉಮ್ರೇಡ್ ಕರ್ಹಾಂಡ್ಲಾ ಅಭಯಾರಣ್ಯದ ‘ಜಯ್’ಗಿಂತ ಪ್ರಸಿದ್ಧ ಹುಲಿ ಆಗ ಆ ಭಾಗದಲ್ಲಿರಲಿಲ್ಲ, ಕೊರಳಲ್ಲಿ ರೇಡಿಯೊ ಕಾಲರ್ ಇದ್ದೂ ಅದು 2016ರಲ್ಲಿ ಕಣ್ಮರೆಯಾಯಿತು. ಹೆಸರು ಸಫಾರಿ ಟಿಕೆಟನ್ನು ಮಾರೀತು, ಕಾವಲು ಕಾಯದು. ಇನ್ನು ಮೊಬೈಲಿನ ಲೊಕೇಶನ್ ಆಫ್ ಮಾಡಿದರಷ್ಟೇ ಸಾಲದು. ಹುಲಿಯ ಹಿಂದೆ ಮಸುಕಾಗಿ ಕಾಣುವ ಗಾಜಿನ ಕಟ್ಟಡ, ವಿದ್ಯುತ್ ಕಂಬದ ಮೇಲಿನ ಸಂಖ್ಯೆ, ರಸ್ತೆಯ ಫಲಕ ಇವೂ ಜಾಗ ಹೇಳಿಬಿಡುತ್ತವೆ; ಹಂಚುವ ಮುನ್ನ ಅವನ್ನು ಕ್ರಾಪ್ ಮಾಡಿ.