ಹಿಂದಿನ ಬೆಂಚಿನ ಸಂಸದರು ಮತ್ತು ನಮ್ಮ ತುಳು



ಸಮಾಜ ವಿಜ್ಞಾನದಲ್ಲಿ ನಮಗೆ ಸಂಸತ್ತಿನ ಪಾಠ ಆಯಿತು. ರಾಷ್ಟ್ರಪತಿ, ಪ್ರಧಾನಮಂತ್ರಿ, ಮಂತ್ರಿಮಂಡಲ ಎಲ್ಲ ಬರೆದುಕೊಂಡೆವು. ಆದರೆ ಮಂತ್ರಿ ಆಗದ ಸದಸ್ಯರು ಅಲ್ಲಿ ಎಂತ ಮಾಡುತ್ತಾರೆ ಎಂದು ನನಗೆ ಸಂಶಯ ಬಂತು. ಮಾಷ್ಟ್ರ ಹತ್ತಿರ ಕೇಳಿದೆ. “ಓದಿ ತಿಳಿದುಕೊ, ಭಿತ್ತಿಪತ್ರಿಕೆಗೂ ಬರೆ” ಎಂದರು. ಹಾಗೆ ಬರೆದ ಲೇಖನ ಇದು.

ಹಿಂದಿನ ಬೆಂಚು ಎಂದರೆ ಯಾರು?

ಲೋಕಸಭೆಯಲ್ಲಿ 543 ಸದಸ್ಯರು. ಅದರಲ್ಲಿ ಕರ್ನಾಟಕದವರು 28. ರಾಜ್ಯಸಭೆಯಲ್ಲಿ ಕರ್ನಾಟಕದವರು 12. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಈಗ ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರದೊಳಗೆ ಬರುತ್ತವೆ. ಈ ಕ್ಷೇತ್ರದಲ್ಲಿ ಒಟ್ಟು 8 ವಿಧಾನಸಭಾ ಕ್ಷೇತ್ರ ಉಂಟು, ಸಂಸದರು ಒಬ್ಬರೇ.

ಸಭೆಯಲ್ಲಿ ಮಂತ್ರಿಗಳು ಮತ್ತು ಪಕ್ಷದ ದೊಡ್ಡ ನಾಯಕರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಉಳಿದವರು ಹಿಂದೆ. ನಮ್ಮ ತರಗತಿಯಲ್ಲಿ ಹಿಂದಿನ ಬೆಂಚು ಅಂದರೆ ಗಲಾಟೆಯವರು ಎಂದು ಲೆಕ್ಕ. ಸಂಸತ್ತಿನಲ್ಲಿ ಹಾಗಲ್ಲ. ಅಲ್ಲಿ ಹೆಚ್ಚಿನವರು ಹಿಂದಿನ ಬೆಂಚಿನವರೇ. ಅವರ ಕೈಯಲ್ಲಿ ಇಲಾಖೆ ಇಲ್ಲ, ಹಣ ಮಂಜೂರು ಮಾಡುವ ಸಹಿ ಇಲ್ಲ. ಇರುವುದು ಒಂದೇ, ಕೇಳುವ ಹಕ್ಕು. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆ ಉಂಟಲ್ಲ, ಹಾಗೆಯೇ ಊರಿನ ಪರವಾಗಿ ಕೇಳುವುದು ಇವರ ಕೆಲಸ.

ಕೇಳುವ ನಾಲ್ಕು ದಾರಿ

1. ಪ್ರಶ್ನೋತ್ತರ ವೇಳೆ. ಲೋಕಸಭೆಯಲ್ಲಿ ಇದು ಬೆಳಿಗ್ಗೆ 11ರಿಂದ 12ರವರೆಗೆ. ಪ್ರಶ್ನೆಯನ್ನು ಕಡಿಮೆ ಎಂದರೆ 15 ದಿನ ಮೊದಲೇ ಬರೆದು ಕೊಡಬೇಕು. ನಕ್ಷತ್ರ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು. ಅದರ ಮೇಲೆ ಉಪಪ್ರಶ್ನೆಯೂ ಕೇಳಬಹುದು. ಅಂಥದ್ದು ದಿನಕ್ಕೆ 20 ಮಾತ್ರ. ನಕ್ಷತ್ರ ಇಲ್ಲದ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ, ಅದು ದಿನಕ್ಕೆ 230ರ ವರೆಗೆ.

2. ಶೂನ್ಯ ವೇಳೆ. ಇದು ಪ್ರಶ್ನೋತ್ತರ ಮುಗಿದ ಮೇಲೆ. ಜರೂರಿನ ವಿಷಯವನ್ನು ಬೇಗ ಹೇಳಿ ಮುಗಿಸಬೇಕು.

3. ನಿಯಮ 377. ಲೋಕಸಭೆಯ ಸದಸ್ಯರು ತಮ್ಮ ಊರಿನ ವಿಷಯವನ್ನು 250 ಪದ ಮೀರದಂತೆ ಬರೆದು ಮಂಡಿಸಬಹುದು. ಕಡಿಮೆ ಮಾತಿನಲ್ಲಿ ವಿಷಯ ಹೇಳಲು ಗೊತ್ತಿರಬೇಕು!

4. ಖಾಸಗಿ ಸದಸ್ಯರ ಮಸೂದೆ. ಮಂತ್ರಿಯಲ್ಲದ ಸದಸ್ಯರೂ ಕಾನೂನಿನ ಮಸೂದೆ ತರಬಹುದು. ಇದಕ್ಕೆ ಶುಕ್ರವಾರದ ಎರಡೂವರೆ ಗಂಟೆ ಇಟ್ಟಿದ್ದಾರೆ. ಆದರೆ 1952ರಿಂದ ಹೀಗೆ ಕಾಯ್ದೆ ಆದದ್ದು 14 ಮಸೂದೆ ಮಾತ್ರ. ಕೊನೆಯದು 1970ರಲ್ಲಿ.

ಯಾವ ಪ್ರಶ್ನೆ ಎಲ್ಲಿಗೆ?

ಎಲ್ಲ ಪ್ರಶ್ನೆ ದೆಹಲಿಗೆ ಹೋಗುವುದಿಲ್ಲ. ಮನೆ ಹತ್ತಿರದ ಮಣ್ಣುರಸ್ತೆ ಕೆಟ್ಟರೆ ಪಂಚಾಯತ್. ಶಾಲೆಗೆ ಮಾಷ್ಟ್ರು ಬೇಕಾದರೆ ಬೆಂಗಳೂರು. ಬಿ.ಸಿ. ರೋಡ್, ಬೆಳ್ತಂಗಡಿ, ಚಾರ್ಮಾಡಿ ದಾರಿ ರಾಷ್ಟ್ರೀಯ ಹೆದ್ದಾರಿ 73. ಮೂಡುಬಿದಿರೆ ದಾರಿ ರಾಷ್ಟ್ರೀಯ ಹೆದ್ದಾರಿ 169. ಇವೆರಡರ ಪ್ರಶ್ನೆ ದೆಹಲಿಯದು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದಾಯಿತು. ಅದು ನಮ್ಮೂರಿನ ಸುದ್ದಿ, ಆದರೆ ಕೇಳಬೇಕಾದ ಜಾಗ ಸಂಸತ್ತು. ಅಡಿಕೆಯದೂ ಹಾಗೆಯೇ. ತೋಟ ನಮ್ಮದು, ಹೊರದೇಶದಿಂದ ಬರುವ ಅಡಿಕೆಯ ಲೆಕ್ಕ ಕೇಂದ್ರದ್ದು. 2023ರಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಊರಿನ ಪ್ರಶ್ನೆ, ದೇಶದ ಪ್ರಶ್ನೆ ಎಂದು ನಾವು ಬೇರೆ ಮಾಡಿ ಹೇಳುತ್ತೇವೆ. ಎಷ್ಟೋ ಸಲ ಅವೆರಡೂ ಒಂದೇ.

ಮಂತ್ರಿ ಆಗದೆಯೂ ಕೆಲಸ ಮಾಡಿದವರು

ಉಳ್ಳಾಲ ಶ್ರೀನಿವಾಸ ಮಲ್ಯರು 1952ರಿಂದ 1965ರಲ್ಲಿ ತೀರಿಕೊಳ್ಳುವವರೆಗೆ ನಮ್ಮ ಜಿಲ್ಲೆಯಿಂದ ಲೋಕಸಭೆಯಲ್ಲಿ ಇದ್ದರು. ಆಗ ಉಡುಪಿಯೂ ದಕ್ಷಿಣ ಕನ್ನಡವೇ. ಅವರು ಕೇಂದ್ರದಲ್ಲಿ ಮಂತ್ರಿ ಆಗಲೇ ಇಲ್ಲ. ಆದರೂ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿಗಾಗಿ, ಪಣಂಬೂರಿನ ಬಂದರಿಗಾಗಿ ದುಡಿದರು. ಕಾಲೇಜು 1960ರಲ್ಲಿ ಆಯಿತು. ಅದೇ ಈಗಿನ ಎನ್.ಐ.ಟಿ.ಕೆ. ನವಮಂಗಳೂರು ಬಂದರು ದೇಶದ ಮಹಾಬಂದರು ಎಂದು ಘೋಷಣೆ ಆದದ್ದು 1974ರಲ್ಲಿ. ಅದನ್ನು ನೋಡಲು ಮಲ್ಯರು ಇರಲಿಲ್ಲ. ಕೇಳಿದವರಿಗೇ ಫಲ ಸಿಗಬೇಕೆಂದು ಇಲ್ಲ ಎಂದು ಇದರಿಂದ ತಿಳಿಯುತ್ತದೆ.

ಇನ್ನೊಬ್ಬರು ಜೆ.ಎಚ್. ಪಟೇಲರು. 1967ರಲ್ಲಿ ಶಿವಮೊಗ್ಗದಿಂದ ಸಮಾಜವಾದಿ ಪಕ್ಷದಲ್ಲಿ ಗೆದ್ದು ಹೋದವರು. ಲೋಕಸಭೆಯಲ್ಲಿ ಹಿಂದಿ, ಇಂಗ್ಲಿಷ್ ನಡೆಯುವಲ್ಲಿ ಅವರು ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಲೋಕಸಭೆಯಲ್ಲಿ ಕನ್ನಡ ಮಾತಾಡಿದ ಮೊದಲಿಗರು ಎಂದು ಅವರ ಹೆಸರು ಉಳಿದಿದೆ. ಸಂವಿಧಾನದ 120ನೇ ವಿಧಿಯಲ್ಲಿ ಇದಕ್ಕೆ ದಾರಿ ಉಂಟು. ಹಿಂದಿ, ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲು ಆಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಪಟೇಲರು ಮುಂದೆ 1996ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಯೂ ಆದರು.

ಕನ್ನಡದ ಕಥೆ ಇದು. ಹಾಗಾದರೆ ತುಳುವಿನ ಕಥೆ?

ತುಳುವಿನ ಪ್ರಶ್ನೆ

ನಮ್ಮಲ್ಲಿ ಹೆಚ್ಚಿನವರ ಮನೆಮಾತು ತುಳು. ಒಂದನೇ ತರಗತಿಗೆ ಬರುವಾಗ ನನಗೂ ಕನ್ನಡ ಸರಿ ಬರುತ್ತಿರಲಿಲ್ಲ. ತುಳುವಿನಲ್ಲಿ “ಇಲ್ಲ್” ಎಂದರೆ ಮನೆ. ಮನೆಯ ಚಿತ್ರ ತೋರಿಸಿ “ಇದು ಎಂತ?” ಎಂದು ಟೀಚರ್ ಕೇಳಿದರೆ ತುಳುವಿನ ಮಗು “ಇಲ್ಲ್” ಎನ್ನುತ್ತದೆ. ಕನ್ನಡ ಮಾತ್ರ ಗೊತ್ತಿದ್ದವರಿಗೆ ಅದು “ಇಲ್ಲ” ಎಂದು ಕೇಳುತ್ತದೆ! ನಗು ಬರುತ್ತದೆ, ಆದರೆ ಆ ಮಗು ಹೇಳಿದ್ದು ಸರಿಯೇ.

2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಎಂದು ಬರೆಸಿದವರು 18,46,427 ಜನ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳ ಪಟ್ಟಿ ಉಂಟು. ಅದರಲ್ಲಿ ಇರುವ ಮಣಿಪುರಿಗೆ 17,61,079 ಜನ, ಬೋಡೋಗೆ 14,82,929 ಜನ. ಎರಡಕ್ಕಿಂತಲೂ ತುಳುವಿನವರು ಹೆಚ್ಚು. ಆದರೂ ತುಳು ಪಟ್ಟಿಯಲ್ಲಿ ಇಲ್ಲ.

ಪಟ್ಟಿ ಬೆಳೆದದ್ದು ಹೀಗೆ: 1950ರಲ್ಲಿ 14 ಭಾಷೆ. 1967ರಲ್ಲಿ ಸಿಂಧಿ ಸೇರಿತು. 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ. 2003ರಲ್ಲಿ ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿ. ನಮ್ಮ ತರಗತಿಯ ಕೊಂಕಣಿ ಮಕ್ಕಳ ಭಾಷೆ ಸೇರಿ 30 ವರ್ಷದ ಮೇಲಾಯಿತು. ಹತ್ತು ರೂಪಾಯಿ ನೋಟಿನ ಹಿಂದೆ ಸಾಲಾಗಿ ಬರೆದ 15 ಭಾಷೆಗಳಲ್ಲಿ ಕನ್ನಡ ನಾಲ್ಕನೆಯದು, ಕೊಂಕಣಿ ಆರನೆಯದು. ಬೇಕಾದರೆ ನೋಡಿ.

ಪಟ್ಟಿಗೆ ಸೇರಿದರೆ ಎಂತ ಲಾಭ? ದೊಡ್ಡ ಸರ್ಕಾರಿ ಹುದ್ದೆಗಳ ಯು.ಪಿ.ಎಸ್.ಸಿ. ಮುಖ್ಯ ಪರೀಕ್ಷೆಯನ್ನು ಆ ಭಾಷೆಯಲ್ಲಿ ಬರೆಯಬಹುದು. ಸಂಸತ್ತಿನಲ್ಲಿ ಆ ಭಾಷೆಗೆ ಸ್ಥಾನ ಸಿಗುತ್ತದೆ. ನನ್ನ ಅಜ್ಜಿಗೆ ತುಳು ಬಿಟ್ಟು ಬೇರೆ ಬರುವುದಿಲ್ಲ, ಅವರ ಫಾರಂಗಳನ್ನು ನಾನೇ ತುಂಬಿಸಿ ಕೊಡುತ್ತೇನೆ. ತುಳು ಪಟ್ಟಿಗೆ ಸೇರಿದ ಮರುದಿನವೇ ಆ ಕಷ್ಟ ಹೋಗುವುದಿಲ್ಲ. ಆದರೆ ಅಜ್ಜಿಯ ಮಾತನ್ನೂ ದೇಶ ಒಂದು ಭಾಷೆ ಎಂದು ಬರೆದುಕೊಂಡ ಹಾಗೆ ಆಗುತ್ತದೆ.

ಇದನ್ನು ಯಾರು ಕೇಳಿದರು?

2009ರ ಡಿಸೆಂಬರಿನಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ವಿಶ್ವ ತುಳು ಸಮ್ಮೇಳನ ನಡೆಯಿತು. ತುಳುವನ್ನು ಎಂಟನೇ ಪರಿಚ್ಛೇದಕ್ಕೆ ಸೇರಿಸಬೇಕು ಎಂಬ ಬೇಡಿಕೆ ಅಲ್ಲಿಯೂ ಬಂತು. ಕಾಸರಗೋಡಿನ ಸಂಸದ ಪಿ. ಕರುಣಾಕರನ್ ಲೋಕಸಭೆಯಲ್ಲಿ ಈ ವಿಷಯ ಎತ್ತಿದರು. ಅವರದು ಕೇರಳದ ಕ್ಷೇತ್ರ, ಆದರೆ ಅಲ್ಲಿಯೂ ತುಳುವರು ಇದ್ದಾರಲ್ಲ! 2016ರಲ್ಲಿ ರಾಜ್ಯಸಭೆಯ ಕರ್ನಾಟಕದ ಸದಸ್ಯ ಬಿ.ಕೆ. ಹರಿಪ್ರಸಾದ್ ತುಳು ಮತ್ತು ಕೊಡವ ಭಾಷೆಗಳಿಗಾಗಿ ಖಾಸಗಿ ಮಸೂದೆ ತಂದರು. ಮೇಲೆ ಹೇಳಿದ ನಾಲ್ಕನೇ ದಾರಿ ಅದು. ಅದು ಕಾಯ್ದೆ ಆಗಲಿಲ್ಲ.

ಇದು ಯಾಕೆ ಕಷ್ಟ? ಪಟ್ಟಿ ಬದಲಿಸಲು ಸಂವಿಧಾನವನ್ನೇ ತಿದ್ದಬೇಕು. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು, ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. ಇನ್ನೂ 38 ಭಾಷೆಗಳ ಬೇಡಿಕೆ ಉಂಟು, ಯಾವುದನ್ನು ಸೇರಿಸಬೇಕು ಎನ್ನಲು ಒಪ್ಪಿದ ಅಳತೆಗೋಲು ಇಲ್ಲ ಎಂದು ಸರ್ಕಾರ ಸಂಸತ್ತಿನಲ್ಲಿ ಉತ್ತರ ಹೇಳಿದೆ. 2003ರಲ್ಲಿ ಸೀತಾಕಾಂತ ಮಹಾಪಾತ್ರ ಸಮಿತಿ ಮಾಡಿದ್ದೂ ಇದೇ ಅಳತೆಗೋಲಿಗಾಗಿ.

ಮಸೂದೆ ಬಿದ್ದರೆ ಕೇಳಿದ್ದೆಲ್ಲ ನೀರಿಗೆ ಹೋಮ ಮಾಡಿದ ಹಾಗೆ ಅಲ್ಲವಾ ಎಂದು ಕೆಲವರು ಹೇಳಬಹುದು. ನನಗೆ ಹಾಗೆ ಅನಿಸುವುದಿಲ್ಲ. ಕೇಳಿದ ಮಾತು ಸಂಸತ್ತಿನ ದಾಖಲೆಗೆ ಹೋಗುತ್ತದೆ. ಸರ್ಕಾರ ಯಾಕೆ ಆಗುವುದಿಲ್ಲ ಎಂದು ಕಾರಣ ಕೊಡಬೇಕಾಗುತ್ತದೆ. “ಅಳತೆಗೋಲು ಇಲ್ಲ” ಎಂಬ ಉತ್ತರ ಸಿಕ್ಕಿದ ಮೇಲೆ ಮುಂದಿನ ಪ್ರಶ್ನೆ ಎಂತ ಎಂದು ಗೊತ್ತಾಯಿತಲ್ಲ: “ಅಳತೆಗೋಲು ಯಾವಾಗ ಮಾಡುತ್ತೀರಿ?”

ಅಷ್ಟರಲ್ಲಿ ಬೇರೆ ಕೆಲಸಗಳೂ ನಡೆದಿವೆ. 1994ರಲ್ಲಿ ತುಳು ಸಾಹಿತ್ಯ ಅಕಾಡೆಮಿ ಆಯಿತು. ಉಡುಪಿಯಲ್ಲಿ ತುಳು ನಿಘಂಟು ಆರು ಸಂಪುಟ ಬಂತು. 2023ರಲ್ಲಿ ತುಳುವನ್ನು ರಾಜ್ಯದ ಎರಡನೇ ಅಧಿಕೃತ ಭಾಷೆ ಮಾಡುವ ಬಗ್ಗೆ ವರದಿ ಕೊಡಲು ಮೂಡುಬಿದಿರೆಯ ಡಾ. ಎಂ. ಮೋಹನ ಆಳ್ವರ ಸಮಿತಿ ನೇಮಕವಾಯಿತು. ಅದೇ ವರ್ಷ ಜುಲೈಯಲ್ಲಿ ಪುತ್ತೂರಿನ ಶಾಸಕ ಅಶೋಕ್ ಕುಮಾರ್ ರೈ ವಿಧಾನಸಭೆಯಲ್ಲಿ ತುಳುವಿನಲ್ಲಿ ಮಾತಾಡಿದರು. ಸಭಾಧ್ಯಕ್ಷ ಯು.ಟಿ. ಖಾದರ್ ಕೂಡ ತುಳುವಿನಲ್ಲೇ ಉತ್ತರ ಕೊಟ್ಟರು. 1967ರಲ್ಲಿ ದೆಹಲಿಯಲ್ಲಿ ಕನ್ನಡ, 2023ರಲ್ಲಿ ಬೆಂಗಳೂರಿನಲ್ಲಿ ತುಳು. ಮುಂದೆ ದೆಹಲಿಯಲ್ಲಿ ತುಳು ಕೇಳಬೇಡವಾ?

ನಾವು ಎಂತ ಮಾಡಬಹುದು?

ನಮಗೆ ಮತ ಇಲ್ಲ. ಆದರೆ ಸಂಸದರಿಗೆ ಕಾಗದ ಬರೆಯಲು 18 ವರ್ಷ ಆಗಬೇಕೆಂದು ಇಲ್ಲ. ಹಿಂದಿನ ಬೆಂಚಿನವರು ಕೇಳುವ ಪ್ರಶ್ನೆ ಊರಿನಿಂದಲೇ ಹೋಗಬೇಕು. ನಾವು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತದೆ? ಬ್ಯಾರಿ ಮಾತಾಡುವ ಗೆಳೆಯರೂ ನಿಮ್ಮ ಭಾಷೆಯ ಬಗ್ಗೆ ಬರೆಯಿರಿ. ಒಂದು ಭಾಷೆಗೆ ಕೇಳಿದರೆ ಇನ್ನೊಂದಕ್ಕೆ ಕಡಿಮೆ ಆಗುವುದಿಲ್ಲ.

ಕಾಗದ ಬರೆಯುವಾಗ ಮೂರು ವಿಷಯ ನೆನಪಿರಲಿ:
ಅ) ಇದು ಕೇಂದ್ರದ ವಿಷಯವೇ ಎಂದು ಮೊದಲು ನೋಡಬೇಕು.
ಆ) ಒಂದು ಕಾಗದದಲ್ಲಿ ಒಂದೇ ಪ್ರಶ್ನೆ.
ಇ) 250 ಪದ ಮೀರಬಾರದು. ಹಾಗಿದ್ದರೆ ಸಂಸದರಿಗೂ ಸುಲಭ.

ಓದಿದವರಿಗೆ ಪ್ರಶ್ನೆಗಳು

1. ನಕ್ಷತ್ರ ಗುರುತಿನ ಪ್ರಶ್ನೆ ಎಂದರೇನು?
2. ಕೊಂಕಣಿ ಎಂಟನೇ ಪರಿಚ್ಛೇದಕ್ಕೆ ಸೇರಿದ ವರ್ಷ ಯಾವುದು?
3. ಚಾರ್ಮಾಡಿ ರಸ್ತೆಯ ಪ್ರಶ್ನೆಯನ್ನು ಪಂಚಾಯತಿನಲ್ಲಿ ಕೇಳಿದರೆ ಯಾಕೆ ಸಾಲದು?
4. ನಿಮ್ಮ ಸಂಸದರಿಗೆ ನೀವು ಕೇಳುವ ಒಂದು ಪ್ರಶ್ನೆ ಬರೆಯಿರಿ.

ನಾಲ್ಕನೆಯದರ ಉತ್ತರ ಈ ಲೇಖನದಲ್ಲಿ ಇಲ್ಲ. ಬರೆದು ಮಾಷ್ಟ್ರ ಕೈಗೆ ಕೊಡಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ